ಹದಿನಾರು ಮಡಿಕೆ

ಕಾಗದನಗರದ ಹೈಸ್ಕೂಲು. ಸೋಮವಾರ, ಮೂರನೇ ಪೀರಿಯಡ್ಡು.
ಕುಬೇರಪ್ಪ ಮೇಷ್ಟ್ರು ಸೀಮೆಸುಣ್ಣ ಮೇಜಿನ ಮೇಲಿಟ್ಟು
ಕೈ ಒರೆಸಿಕೊಂಡರು. "ಇನ್ನು ಒಂದು ತಿಂಗಳು
ನಾನು ಪಾಠ ಮಾಡುವುದಿಲ್ಲ. ನಿಮ್ಮ ನಿಮ್ಮ ಮನೆಯಲ್ಲೇ
ಎಲ್ಲೋ ಒಂದು ಕಡೆ ಇಂಗ್ಲಿಷು ಬಿದ್ದಿರುತ್ತದೆ,
ಹುಡುಕಿ ತನ್ನಿ. ಓದಿ. ನನ್ನನ್ನು ಕೇಳುವ ಮೊದಲು
ಮೂರು ಸಲ ನಿಮ್ಮನ್ನೇ ಕೇಳಿಕೊಳ್ಳಿ."

ಗೈಡು ಬಾಯಿಪಾಠ ಮಾಡಿ ಬೆಳೆದ ನಾವು,
ಡ್ರೈವರು ನಡುದಾರಿಯಲ್ಲಿ ಇಳಿದು ಹೋದ ಬಸ್ಸಿನವರ ಹಾಗೆ
ಮುಖ ಮುಖ ನೋಡಿಕೊಂಡೆವು.
ಹಿಂದಿನ ಬೆಂಚಿನ ರುದ್ರೇಶಿ ಮಾತ್ರ ಮೆಲ್ಲಗೆ
"ಸಂಬಳ ಇವರಿಗಾ, ನಮಗಾ?" ಅಂದ.

ಮಾರನೆಯ ದಿನ ಸೆಲ್ವಿ ಶಾಂಪೂ ಚೀಟಿ ತಂದಳು,
ತಬ್ರೇಜ್ ಮೊಪೆಡ್ಡಿನ ಪುಸ್ತಕ, ಗ್ರೀಸು ಹತ್ತಿದ್ದು.
ನಮ್ಮ ಮನೆಯಲ್ಲಿ ಇದ್ದ ಇಂಗ್ಲಿಷು ಒಂದೇ:
ಅಪ್ಪನ ಬಿಪಿ ಮಾತ್ರೆಯ ಡಬ್ಬಿಯೊಳಗೆ
ಬೆರಳಗಲ ಮಡಚಿ ಕೂತಿದ್ದ ಕಾಗದ.
ಬಿಡಿಸಿದೆ. ಬಿಡಿಸಿದೆ. ಮತ್ತೂ ಬಿಡಿಸಿದೆ.
ಹದಿನಾರು ಮಡಿಕೆ. ಅರ್ಧ ಬೆಂಚು ತುಂಬಿತು.
ಎರಡೂ ಮಗ್ಗುಲಿಗೆ ಇರುವೆ ಸಾಲು.

ಅಪ್ಪ ಅದನ್ನು ನೋಡಿದ್ದು ಬೇರೆ ಥರ.
ಕಾರ್ಖಾನೆ ಮುಚ್ಚುವವರೆಗೂ ಇಪ್ಪತ್ತೆರಡು ವರ್ಷ
ಹಾಳೆ ಎಣಿಸಿ, ಮಡಚಿ, ಕಟ್ಟು ಕಟ್ಟಿದವನು.
ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು
ಕಿವಿಯ ಹತ್ತಿರ ಒಂದು ಸಲ ಅಲುಗಿಸಿ
"ನಲವತ್ತು ಜಿಎಸ್ಸೆಮ್. ನಮ್ಮದಲ್ಲ" ಅಂದ.
ಅಷ್ಟೇ ಅವನ ಓದು. ತಪ್ಪಿಲ್ಲದ ಓದು.

ನನ್ನದು ತಪ್ಪುಗಳದ್ದೇ ಓದು.
ಮೊದಲ ಸಾಲಿನಲ್ಲೇ ಸ್ವಾಲೋ ಸಿಕ್ಕಿತು.
ಲೈಬ್ರರಿಯ ಡಿಕ್ಷನರಿ, ರಟ್ಟು ಹರಿದು ಸಿ ಅಕ್ಷರದಿಂದ ಶುರುವಾಗುವುದು,
ಕವಲು ಬಾಲದ ಹಕ್ಕಿ ಎಂದಿತು.
ದಿನಕ್ಕೊಂದು, ಊಟವಾದ ಮೇಲೆ, ನೀರಿನ ಜೊತೆ,
ಇಡೀ ಹಕ್ಕಿ!
ಎರಡು ದಿನ ಅದನ್ನೇ ನಂಬಿ
ಭದ್ರೆಯ ಸೇತುವೆ ಹತ್ತಿರ ತಂತಿಯ ಮೇಲೆ
ಸಾಲಾಗಿ ಕೂತವನ್ನು ಎಣಿಸಿದೆ.
ಅದೇ ಪದದ ಕೆಳಗೆ, ಎರಡು ಎಂದು ಬರೆದ ಕಡೆ,
'ನುಂಗು' ಸುಮ್ಮನೆ ಕೂತಿತ್ತು.
ಒಂದರ ಆಚೆಗೂ ಓದಬೇಕೆಂದು ನನಗೆ ಯಾರು ಹೇಳಿದ್ದರು?

ಮೂರನೇ ವಾರ. ಹನ್ನೊಂದನೇ ಮಡಿಕೆ.
ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಐವತ್ತೆಂಟು ಪದ,
ಅರ್ಧಕ್ಕೆ ಪ್ರಶ್ನೆ ಚಿಹ್ನೆ.
ಆಗ ಒಂದು ಚಿಕ್ಕ ವಾಕ್ಯ
ಕನ್ನಡಕ್ಕೆ ಬರುವ ಮೊದಲೇ ಅರ್ಥವಾಗಿಬಿಟ್ಟಿತು:
ಕೂತಲ್ಲಿಂದ, ಮಲಗಿದಲ್ಲಿಂದ, ನಿಧಾನ ಏಳಿ.
ತಲೆ ಸುತ್ತಬಹುದು.

ದಿನಾ ಬೆಳಗ್ಗೆ ಅಪ್ಪ ಗೋಡೆ ಹಿಡಿದು ನಿಲ್ಲುವುದು,
ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು,
ಕೆಲಸ ಹೋದವನ ಮೇಲೆ ಯಾರ ಕಣ್ಣು ಬಿದ್ದೀತು ಎಂದು
ನಾನು ಕೇಳುವುದು, ಬೈಸಿಕೊಳ್ಳುವುದು,
ಇಷ್ಟೂ ಆ ಡಬ್ಬಿಯೊಳಗೆ ಮಡಚಿಕೊಂಡು ಕೂತಿತ್ತು,
ಎರಡು ವರ್ಷದಿಂದ, ತಿಂಗಳಿಗೊಂದು ಪ್ರತಿ.

ರಾತ್ರಿ ಹೇಳಿದೆ. ಡಾಕ್ಟರನ್ನೂ ಒಂದು ಮಾತು ಕೇಳು ಎಂದೆ.
"ಹೌದಾ" ಅಂದ ಅಪ್ಪ.
ಬೆಳಗ್ಗೆ ಚಾಪೆಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದ,
ಆಮೇಲೆ ನನ್ನತ್ತ ನೋಡದೆ ಎದ್ದ.

ತಿಂಗಳ ಕೊನೆಗೆ ಮೇಷ್ಟ್ರು ನನ್ನ ನಂಬರು ಕೂಗಿದರು.
"ಏನು ಕಲಿತೆ?"
ನಾನು ತಟ್ಟನೆ ಏಳಲಿಲ್ಲ.
ಬೆಂಚಿಗೆ ಕೈಯೂರಿ, ಒಂದು ಉಸಿರು ಬಿಟ್ಟು,
ನಿಧಾನಕ್ಕೆ ಎದ್ದೆ.
ರುದ್ರೇಶಿ ನಕ್ಕ. ಮೇಷ್ಟ್ರು ಕಾದರು.
"ಇನ್ನೂ ಐದು ಮಡಿಕೆ ಇದೆ ಸರ್" ಅಂದೆ,
ಅದನ್ನೂ ಕನ್ನಡದಲ್ಲೇ.

ಆ ಕಾಗದವನ್ನು ವಾಪಸು ಡಬ್ಬಿಗೆ ಸೇರಿಸಲು
ನನಗೆ ಇವತ್ತಿಗೂ ಬರುವುದಿಲ್ಲ,
ಎಲ್ಲೋ ಒಂದು ಮಡಿಕೆ ಹೆಚ್ಚಾಗಿ ಉಳಿಯುತ್ತದೆ.
ಅಪ್ಪ ತೊಡೆಯ ಮೇಲಿಟ್ಟು, ಉಗುರಿನಲ್ಲಿ ಒತ್ತಿ,
ಟೀವಿ ನೋಡುತ್ತಲೇ ಮಡಚುತ್ತಾನೆ.